ಸಬ್ರ್‌ನ ಉಪದೇಶ ಮತ್ತು ಸಹಾಯದ ಹೊಣೆ

ವಿಶೇಷ ಮಕ್ಕಳ ತರಗತಿಗೆ ಹೊಸದಾಗಿ ಸೇರಿದ ಶಿಕ್ಷಕಿಗೆ ನಮ್ಮ ಸಮಾಜ ಧಾರಾಳವಾಗಿ ಕೊಡುವುದು ಒಂದನ್ನೇ, ಸಬ್ರ್‌ನ ಉಪದೇಶ. "ಸಹಿಸಿಕೊಳ್ಳಮ್ಮಾ, ಅಲ್ಲಾಹನ ಬಳಿ ಇದಕ್ಕೆ ದೊಡ್ಡ ಪ್ರತಿಫಲವಿದೆ" ಎನ್ನುತ್ತೇವೆ. ಮಾತೇನೋ ನಿಜ. ಆದರೆ ಪ್ರತಿಫಲದ ವಿಷಯವನ್ನು ಅಲ್ಲಾಹನಿಗೆ ಒಪ್ಪಿಸಿದ ಮಾತ್ರಕ್ಕೆ ನಮ್ಮ ಹೊಣೆ ತೀರಿತೇ?

ಆಕೆಯ ಕೆಲಸ ಎಂಥದೆಂದು ಮೊದಲು ನೋಡೋಣ. 1992ರ ಕಾಯ್ದೆಯಂತೆ ನಡೆಯುವ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿಗಳು ಹೆಚ್ಚಾಗಿ ಒಂದೊಂದು ಕೊರತೆಗೆ ಸಂಬಂಧಿಸಿದವು. ಕೆಲವರು ಶ್ರವಣದೋಷದ ಬಗ್ಗೆ ಕಲಿತಿರುತ್ತಾರೆ, ಇನ್ನು ಕೆಲವರು ದೃಷ್ಟಿದೋಷ ಅಥವಾ ಬೌದ್ಧಿಕ ನ್ಯೂನತೆಯ ಬಗ್ಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಾದರೋ 21 ವಿಧಗಳನ್ನು ಹೆಸರಿಸಿದೆ. ತರಗತಿಗೆ ಬರುವ ಮಕ್ಕಳು ಶಿಕ್ಷಕಿಯ ಸರ್ಟಿಫಿಕೇಟ್ ನೋಡಿ ಬರುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹತ್ತೇ ಮಕ್ಕಳಲ್ಲವೇ ಎನ್ನುವವರು ಒಂದು ಬೆಳಿಗ್ಗೆ ಅಲ್ಲಿ ಕುಳಿತು ನೋಡಲಿ.

ಕೈ ತೊಳೆಯುವುದನ್ನೇ ತೆಗೆದುಕೊಳ್ಳಿ. ನಮಗೆ ಅದು ಒಂದು ಕೆಲಸ. ಆ ಮಗುವಿಗೆ ನಳ್ಳಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸಾಬೂನು ಹಚ್ಚುವುದು, ಉಜ್ಜುವುದು, ತೊಳೆಯುವುದು, ನಳ್ಳಿ ನಿಲ್ಲಿಸುವುದು, ಒರೆಸುವುದು ಎಂದು ಬೇರೆ ಬೇರೆ ಏಳು ಪಾಠಗಳು. ಕೆಲವು ಮಕ್ಕಳಿಗೆ ಕೊನೆಯಿಂದ ಕಲಿಸಬೇಕಾಗುತ್ತದೆ. ಉಳಿದೆಲ್ಲವನ್ನೂ ಶಿಕ್ಷಕಿಯೇ ಮಾಡಿಸಿ, ಒರೆಸುವುದನ್ನು ಮಾತ್ರ ಮಗುವಿಗೆ ಬಿಟ್ಟರೆ, ಮುಗಿಸಿದ ಸಂತೋಷ ಅದಕ್ಕೆ ದಿನವೂ ಸಿಗುತ್ತದೆ. ವುಳೂ ಕಲಿಸಬಯಸುವ ತಾಯಂದಿರಿಗೂ ಇದು ಉಪಯೋಗದ ಮಾತು. ಇಂತಹ ಪಾಠದ ಫಲ ಕಾಣಲು ತಿಂಗಳುಗಳು ಬೇಕು. ಜೂನ್‌ನಲ್ಲಿ ಟವೆಲನ್ನು ಎಸೆಯುತ್ತಿದ್ದ ಮಗು ನವೆಂಬರ್‌ನಲ್ಲಿ ಅದನ್ನು ಹಿಡಿದುಕೊಂಡರೆ, ಅದು ಪ್ರಗತಿಯೆಂದು ಹೊಸಬಳಿಗೆ ತೋರುವುದಿಲ್ಲ. ತಾನು ಸೋತೆನೆಂದೇ ಆಕೆ ತಿಳಿಯುತ್ತಾಳೆ. ಪಕ್ಕದಲ್ಲಿ ಕುಳಿತು, "ಜೂನ್‌ನ ಪುಟ ತೆಗೆದು ನೋಡು" ಎನ್ನಲು ಇಂತಹ ನೂರು ಮಕ್ಕಳನ್ನು ಕಂಡ ಒಬ್ಬರು ಬೇಕು. ಆ ಒಬ್ಬರಿಲ್ಲದೆ ಆಕೆ ಕೆಲಸ ಬಿಟ್ಟು ಹೋದರೆ, ಮತ್ತೆ ಮೊದಲಿನಿಂದ ತೊಡಗಬೇಕಾದವರು ಮಕ್ಕಳು.

ಸಹಾಯ ಬೇಡುವುದು ಈಮಾನಿನ ದೌರ್ಬಲ್ಯವೇ? ಹಝ್ರತ್ ಮೂಸಾ(ಅ)ರಿಗಿಂತ ದೊಡ್ಡ ಹೊಣೆ ಹೊತ್ತವರು ನಮ್ಮಲ್ಲಿ ಯಾರಿದ್ದಾರೆ? ಫಿರ್‌ಔನನ ಬಳಿಗೆ ಹೋಗಲು ಆಜ್ಞೆಯಾದಾಗ ಅವರು ತನ್ನ ನಾಲಗೆಯ ತೊಡಕನ್ನು ಬಿಡಿಸುವಂತೆ ಪ್ರಾರ್ಥಿಸಿದರು. ಅಷ್ಟಕ್ಕೇ ನಿಲ್ಲಿಸದೆ, ಸಹೋದರ ಹಾರೂನ್(ಅ)ರನ್ನು ಸಹಾಯಕರಾಗಿ ಕೊಟ್ಟು ತನ್ನ ಬೆನ್ನನ್ನು ಬಲಪಡಿಸಬೇಕೆಂದೂ ಕೇಳಿಕೊಂಡರು. ಸೂರಃ ತ್ವಾಹಾದಲ್ಲಿ ಇದು ವಿವರವಾಗಿದೆ. ನಿನಗೆ ಸಬ್ರ್ ಸಾಕು ಎಂಬ ಉತ್ತರ ಅವರಿಗೆ ಬರಲಿಲ್ಲ. ಕೇಳಿದ್ದು ದೊರೆಯಿತು.

ಇಂತಹ ಮಕ್ಕಳ ಶಿಕ್ಷಣ ಸಮುದಾಯದ ಫರ್ಝ್ ಕಿಫಾಯ ಎಂದು ಒಪ್ಪುವವರೂ, ಶಿಕ್ಷಕಿಯೊಬ್ಬಳನ್ನು ನೇಮಿಸಿದೊಡನೆ ಅದು ಮುಗಿಯಿತೆಂದು ಭಾವಿಸುತ್ತಾರೆ. ಕೆಲವರು ಮಾಡಿದರೆ ಉಳಿದವರ ಹೊಣೆ ಇಳಿಯುತ್ತದೆ, ಸರಿ. ಆದರೆ ಕೆಲಸ ನೆರವೇರಬೇಕಲ್ಲ! ಜನಾಝಾಕ್ಕೆ ನಾಲ್ಕು ಹೆಗಲು ಬೇಕಾದಲ್ಲಿ ಒಬ್ಬ ಬಂದು ನಿಂತರೆ ಊರವರು ಮನೆಗೆ ಹೋಗಬಹುದೇ? ಕೈಕೆಳಗಿನವರ ಮೇಲೆ ಶಕ್ತಿಗೆ ಮೀರಿದ ಭಾರ ಹೊರಿಸಬೇಡಿ, ಹೊರಿಸಿದರೆ ಅವರಿಗೆ ನೆರವಾಗಿ ಎಂದು ಪ್ರವಾದಿ(ಸ) ಅಬೂ ದರ್‍ರ್(ರ)ರಿಗೆ ತಿಳಿಸಿದ್ದು ಬುಖಾರಿಯಲ್ಲಿದೆ. ಸಂಬಳ ಕೊಡುತ್ತೇವಲ್ಲ ಎನ್ನುವ ಆಡಳಿತ ಮಂಡಳಿಗಳಿಗೆ ಇದರ ದ್ವಿತೀಯಾರ್ಧ ಅನ್ವಯಿಸುವುದಿಲ್ಲವೇ?

ಹೆಲೆನ್ ಕೆಲ್ಲರಳ ಕಥೆಯನ್ನು ಒಬ್ಬ ಶಿಕ್ಷಕಿಯ ಪವಾಡವೆಂದು ಹೇಳುವುದು ರೂಢಿ. 1887ರ ಮಾರ್ಚಿಯಲ್ಲಿ ಅಲಬಾಮಾಕ್ಕೆ ಬಂದಾಗ ಆನ್ ಸಲಿವನ್‌ಗೆ 20 ವರ್ಷ. ಬರುವ ಮುಂಚೆ ಆಕೆ ಬೋಸ್ಟನ್ನಿನ ಪರ್ಕಿನ್ಸ್ ಶಾಲೆಯಲ್ಲಿ, ಕುರುಡಿಯೂ ಕಿವುಡಿಯೂ ಆಗಿದ್ದ ಲಾರಾ ಬ್ರಿಜ್‌ಮನ್‌ಗೆ ಡಾ. ಹೋವ್ ಪಾಠ ಹೇಳಿದ ದಾಖಲೆಗಳನ್ನು ಓದಿದ್ದಳು. ಬಂದ ಮೇಲೆ ಆ ಶಾಲೆಯಲ್ಲಿ ತನ್ನನ್ನು ನೋಡಿಕೊಂಡಿದ್ದ ಸೋಫಿಯಾ ಹಾಪ್ಕಿನ್ಸ್‌ಗೆ ತನ್ನ ತೊಡಕುಗಳನ್ನೂ ಗೆಲುವನ್ನೂ ಬರೆಯುತ್ತಿದ್ದಳು. ಪವಾಡದ ಹಿಂದೆ ಇಷ್ಟು ಜನರಿದ್ದರು. ನಮ್ಮ ದರ್ಸ್‌ಗಳಲ್ಲಿಯೂ ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಪಾಠ ಹೇಳಿ, ಉಸ್ತಾದರ ಕಣ್ಣೆದುರೇ ಉಸ್ತಾದನಾಗುವ ರೂಢಿಯಿದೆ.

ಮಾರ್ಗದರ್ಶಕರೆಂದು ಇನ್‌ಸ್ಪೆಕ್ಟರರನ್ನು ಕಳಿಸಿದರೆ ಪ್ರಯೋಜನವಿಲ್ಲ. ನಮಾಝಿನ ನಡುವೆ ತಿಳಿಯದೆ ಮಾತನಾಡಿದ ಮುಆವಿಯ ಬಿನ್ ಹಕಮ್(ರ)ರನ್ನು ಸುತ್ತಲಿನವರು ದುರುಗುಟ್ಟಿ ನೋಡಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ) ಗದರಲಿಲ್ಲ, ಹೊಡೆಯಲಿಲ್ಲ, ವಿಷಯ ತಿಳಿಸಿದರು. ಅಂತಹ ಶಿಕ್ಷಕರನ್ನು ತಾನು ಹಿಂದೆಯೂ ಮುಂದೆಯೂ ಕಂಡಿಲ್ಲವೆಂದು ಆ ಸಹಾಬಿಯೇ ಹೇಳಿದ್ದಾರೆ. ಹೊಸ ಶಿಕ್ಷಕಿಯನ್ನು ಮಕ್ಕಳ ತಾಯಂದಿರ ಎದುರು ತಿದ್ದುವವರು ಇದನ್ನು ಓದಬೇಕು.

ತಿಂಗಳಿಗೆ ಎರಡು ದಿನ ಅನುಭವಿ ಶಿಕ್ಷಕಿಯೊಬ್ಬರನ್ನು ಕರೆಸಿ ತರಗತಿಯಲ್ಲಿ ಕೂರಿಸಲು ತಗಲುವ ಬಸ್ ಚಾರ್ಜು, ಗೌರವಧನ ಯಾವ ಜಮಾಅತ್‌ಗೂ ದೊಡ್ಡ ಮೊತ್ತವಲ್ಲ. ಕರೆಸುವ ಮುಂಚೆ, ಯಾವ ಮಗುವಿನ ವಿಷಯದಲ್ಲಿ ತೊಡಕಾಗಿದೆ ಎಂದು ಆ ಹೊಸ ಶಿಕ್ಷಕಿಯನ್ನೇ ಒಮ್ಮೆ ಕೇಳಲಿ.