ವುಹಾನಿನ ವೈದ್ಯ, ಮುರ್ಕಿಯ ಗುಂಪು

ಸುಳ್ಳುಸುದ್ದಿ ಜೀವ ತೆಗೆಯುತ್ತದೆ, ಆದ್ದರಿಂದ ಅದನ್ನು ಅಡಗಿಸುವ ಅಧಿಕಾರ ಸರ್ಕಾರಕ್ಕಿರಲಿ ಎಂದು ಓದಿದವರೇ ಹೇಳುವಾಗ ನನಗೆ ಮೈ ಉರಿಯುತ್ತದೆ. ಮುಕ್ತ ಚರ್ಚೆಯಲ್ಲಿ ಸತ್ಯ ತಾನಾಗಿ ಗೆಲ್ಲುತ್ತದೆ ಎಂಬ, ಇಂಗ್ಲಿಷ್ ಕವಿ ಮಿಲ್ಟನ್ ಕಾಲದ ಸಮಾಧಾನ ಇದಕ್ಕೆ ಉತ್ತರವಲ್ಲ, ಅದನ್ನು ಬದಿಗಿಡುತ್ತೇನೆ. ನಾನು ಎದುರಿಸಬೇಕಾದದ್ದು ಸರ್ಕಾರವನ್ನು ನಂಬುವವರ ವಾದವನ್ನು.

2019ರ ಡಿಸೆಂಬರ್ 30ರಂದು ವುಹಾನಿನ ಕಣ್ಣಿನ ವೈದ್ಯ ಲೀ ವೆನ್‌ಲಿಯಾಂಗ್, ಮಾರುಕಟ್ಟೆಯೊಂದರ ಏಳು ಜನರಿಗೆ ಸಾರ್ಸ್ ತಗುಲಿದೆ ಎಂದು ಸಹಪಾಠಿ ವೈದ್ಯರ ವಿಚಾಟ್ ಗುಂಪಿನಲ್ಲಿ ಬರೆದರು. ಜನವರಿ 3ರಂದು ಪೊಲೀಸರು ಕರೆಸಿ ಎಚ್ಚರಿಕೆ ಪತ್ರ ಮುಂದಿಟ್ಟರು. ಇದನ್ನು ನಿಲ್ಲಿಸುತ್ತೀರಾ? ಅರ್ಥವಾಯಿತೇ? ಎರಡು ಪ್ರಶ್ನೆಗಳ ಕೆಳಗೂ ಲೀ ಕೈಬರಹದ ಒಪ್ಪಿಗೆ, ಮೇಲೆ ಕೆಂಪು ಹೆಬ್ಬೆಟ್ಟು. ಫೆಬ್ರವರಿ 7ರಂದು ಅದೇ ರೋಗಕ್ಕೆ ಅವರು ಬಲಿಯಾದರು.

ಸರ್ಕಾರ ಸತ್ಯವನ್ನು ಮುಚ್ಚಿಟ್ಟಿತು ಎಂದಷ್ಟೇ ಹೇಳಿದರೆ ಸಾಲದು. ಅಕ್ಷರಶಃ ನೋಡಿದರೆ ಅದು ಸಾರ್ಸ್ ಆಗಿರಲಿಲ್ಲ, ಹೊಸ ವೈರಸ್. ಪೊಲೀಸರ ಕುರ್ಚಿಯಲ್ಲಿ ಅತ್ಯಂತ ಪ್ರಾಮಾಣಿಕ ಫ್ಯಾಕ್ಟ್‌ಚೆಕರ್ ಕೂತಿದ್ದರೂ ‘ತಪ್ಪು’ ಎಂದೇ ಮುದ್ರೆ ಒತ್ತಬೇಕಾಗಿತ್ತು. ಜನ ಆಗಲೇ ಆ ‘ವದಂತಿ’ಯನ್ನು ನಂಬಿ ಮಾಸ್ಕ್ ಹಾಕಿಕೊಂಡಿದ್ದರೆ ಒಳ್ಳೆಯದಾಗುತ್ತಿತ್ತೇನೋ ಎಂದು ಚೀನಾದ ಸುಪ್ರೀಂ ಕೋರ್ಟಿನ ವಿಚಾಟ್ ಖಾತೆಯಲ್ಲೇ ಜನವರಿ ಕೊನೆಗೆ ಲೇಖನ ಬಂತು. ಅಪಾಯದ ಮೊದಲ ಸುದ್ದಿ ಯಾವತ್ತೂ ಅರೆಬರೆಯಾಗಿಯೇ ಬರುತ್ತದೆ. ಖಚಿತವಾಗುವ ತನಕ ಬಾಯಿ ಮುಚ್ಚಿಸಿದರೆ ಸಾಯುವವರು ಜನ.

ಆದರೆ 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಆಡಿಯೋ ನಮ್ಮ ಮನೆಯವರ ವಾಟ್ಸ್ಯಾಪ್ ಗ್ರೂಪಿಗೂ ಬಂತು. ಕಳಿಸಿದ ಅತ್ತಿಗೆಗೆ ಯಾರ ಮೇಲೂ ದ್ವೇಷವಿರಲಿಲ್ಲ. ಮಗನನ್ನು ಆಟಕ್ಕೂ ಬಿಡದೆ ಚಿಲಕ ಹಾಕಿಕೊಂಡು ಕೂತಿದ್ದರು, ನಮ್ಮ ಮಕ್ಕಳೂ ಉಳಿಯಲಿ ಎಂದು ಕಳಿಸಿದ್ದರು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಂಡವೊಂದನ್ನು ಕಳ್ಳರೆಂದು ಅಟ್ಟಿಸಿಕೊಂಡು ಹೋದ ಜನ ಹೈದರಾಬಾದಿನ ಎಂಜಿನಿಯರೊಬ್ಬರನ್ನು ಹೊಡೆದು ಕೊಂದರು. ಅರೆಬರೆ ಎಚ್ಚರಿಕೆಗೂ ಜಾಗವಿರಲಿ ಎನ್ನುವ ನನ್ನ ವಾದ ಈ ಆಡಿಯೋಗೂ ಜಾಗ ಕೊಡುತ್ತದೆ. ಎದುರಾಳಿಯ ಭಯ ಪೊಳ್ಳಲ್ಲ ಎಂದು ಒಪ್ಪಲೇಬೇಕು.

ವ್ಯತ್ಯಾಸ ಇಲ್ಲವೆಂದಲ್ಲ. ಲೀ ತಮ್ಮ ಹೆಸರಿನಲ್ಲೇ, ತಿರುಗಿ ಪ್ರಶ್ನಿಸಬಲ್ಲವರಿಗೆ ಬರೆದರು. ಆ ಆಡಿಯೋದಲ್ಲಿದ್ದದ್ದು ಯಾರ ದನಿಯೋ ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಹೆಸರನ್ನು ಕಡ್ಡಾಯ ಮಾಡೋಣವೇ? ಸಂದೇಶದ ಮೇಲೆ ಹೆಸರಿದ್ದದ್ದರಿಂದಲೇ ಲೀ ಪೊಲೀಸರ ಕೈಗೆ ಸಿಕ್ಕಿದ್ದು. ಈ ಗಂಟು ನನ್ನಿಂದ ಬಿಚ್ಚಲಾಗಿಲ್ಲ. ಮುರ್ಕಿಯ ಕೊಲೆ ನಡೆದ 2018ರಲ್ಲೇ ವಾಟ್ಸ್ಯಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದರ ಮಿತಿ ಹಾಕಿತು. ನಿಜವೋ ಸುಳ್ಳೋ ಎಂದು ತೀರ್ಪು ಕೊಡದೆ ಓಟವನ್ನಷ್ಟೇ ತಗ್ಗಿಸುವ ಆ ಕ್ರಮವನ್ನು ಒಪ್ಪುತ್ತೇನೆ, ಅದು ಲೀ ಅವರಂಥವರ ಎಚ್ಚರಿಕೆಯನ್ನೂ ತಡಮಾಡುತ್ತದೆ ಎಂದು ಗೊತ್ತಿದ್ದೂ.

2025ರಲ್ಲಿ ಹೊರಬಂದ ನಮ್ಮ ರಾಜ್ಯದ ಸುಳ್ಳುಸುದ್ದಿ ತಡೆ ಕರಡು ಮಸೂದೆಯಲ್ಲಿ ಏಳು ವರ್ಷದವರೆಗೆ ಜೈಲುಶಿಕ್ಷೆ ಇತ್ತು. ಇಂಥ ಕಾನೂನಿಗೆ ಕೈ ಎತ್ತುವ ಮೊದಲು ಶಾಸಕರು ಸದನದಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಡಲಿ: ಲೀ ಬರೆದಂಥ ಸಂದೇಶವನ್ನು ನಾಳೆ ಬೀದರಿನ ವೈದ್ಯೆಯೊಬ್ಬರು ಕಳಿಸಿದರೆ ಅವರ ಗತಿಯೇನು?