ಇನ್ನೊಮ್ಮೆ ಹೇಳ್ತೀರಾ?

ನಾವು ಬಿ.ಎಡ್. ಓದುವಾಗ ಭಾಷೆಯ ನಾಲ್ಕು ಕೌಶಲಗಳನ್ನು ಉರು ಹೊಡೆಯುತ್ತಿದ್ದೆವು. ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು. ಆಲಿಸುವುದೇ ಮೊದಲನೆಯದು. ಆದರೆ ಶಾಲೆಗೆ ಬಂದು ನೋಡಿದರೆ ಅದರ ಸ್ಥಿತಿ ಮನೆಯ ಹಿರಿಯ ಮಗಳದ್ದು. ಕೆಲಸಕ್ಕೆ ಕೂಗುವಾಗ ಎಲ್ಲರಿಗಿಂತ ಮೊದಲು ಅವಳ ಹೆಸರು, ಬಡಿಸುವಾಗ ಎಲ್ಲರಿಗಿಂತ ಕೊನೆಗೆ ಅವಳ ತಟ್ಟೆ. ಎಸ್.ಎಸ್.ಎಲ್.ಸಿ.ಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕ ಬರವಣಿಗೆಯ ಪರೀಕ್ಷೆಗೆ, 20 ಅಂಕ ಶಾಲೆಯಲ್ಲೇ ಮಾಡುವ ಆಂತರಿಕ ಮೌಲ್ಯಮಾಪನಕ್ಕೆ. ಕಿವಿಗೆ ಏನಾದರೂ ದಕ್ಕುವುದಿದ್ದರೆ ಆ ಇಪ್ಪತ್ತರ ಮೂಲೆಯಲ್ಲಿ. ಹೀಗಾಗಿ ಹತ್ತು ವರ್ಷ ಇಂಗ್ಲಿಷ್ ಓದಿದ ಹುಡುಗಿ ಪ್ರಬಂಧ ಬರೆಯುತ್ತಾಳೆ, ಪತ್ರ ಬರೆಯುತ್ತಾಳೆ, ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಫೋನ್ ಬಂದರೆ ಮಾತ್ರ ಅಣ್ಣನ ಕೈಗೆ ಕೊಡುತ್ತಾಳೆ.

ನಾನು ಒಂಬತ್ತು ಮತ್ತು ಹತ್ತನೇ ತರಗತಿಯವರಿಗೆ ವಾರಕ್ಕೊಂದು ಪೀರಿಯಡ್ ಆಲಿಸುವ ಅಭ್ಯಾಸಕ್ಕೆಂದೇ ಇಟ್ಟಿದ್ದೇನೆ. ಮೊದಲು ಟೇಪ್ ರೆಕಾರ್ಡರ್ ಇತ್ತು, ಕರೆಂಟು ಹೋದರೆ ಪಾಠವೂ ಹೋಗುತ್ತಿತ್ತು. ಈಗ ಮೊಬೈಲು, ಅದಕ್ಕೊಂದು ಅಂಗೈಯಗಲದ ಸ್ಪೀಕರು. ಸುಲಭದ ಸಂಭಾಷಣೆಗಳು ಮುಗಿದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ನಮ್ಮ ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಇಂಗ್ಲಿಷಿನವರು ಹಾಗಲ್ಲ, ಬೇಕಾದ ಕಡೆ ಒತ್ತು ಹಾಕಿ ಉಳಿದದ್ದನ್ನು ನುಂಗಿಬಿಡುತ್ತಾರೆ. ಅಮೆರಿಕದವರ ಬಾಯಲ್ಲಿ ‘ಕ್ಯಾಂಟ್’ ಶಬ್ದದ ಕೊನೆಯ ‘ಟ್’ ಎಷ್ಟೋ ಸಲ ಕಿವಿಗೆ ಬೀಳುವುದೇ ಇಲ್ಲ. ‘ಬರಬಲ್ಲೆ’ ಎನ್ನುವಾಗ ‘ಕ್ಯಾನ್’ ಕುಗ್ಗಿ ‘ಕನ್’ ಆಗುತ್ತದೆ, ‘ಬರಲಾರೆ’ ಎನ್ನುವಾಗ ಅದೇ ಪದದ ಮೇಲೆ ಭಾರ ಬೀಳುತ್ತದೆ. ಅಷ್ಟರಲ್ಲೇ ಹೌದು ಅಲ್ಲಗಳ ತೀರ್ಮಾನ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ಗಳ ಕಥೆಯೂ ಹಾಗೆಯೇ. ಹದಿನೈದರಲ್ಲಿ ಭಾರ ಕೊನೆಗೆ, ಐವತ್ತರಲ್ಲಿ ಮೊದಲಿಗೆ. ಔಷಧಿಯ ಲೆಕ್ಕವಾದರೆ ಎಷ್ಟು ವ್ಯತ್ಯಾಸ, ನೀವೇ ಯೋಚಿಸಿ.

ಇದಕ್ಕಿಂತ ಮೇಲಿನದು, ಹೇಳಿದ ಮಾತಿನ ಹಿಂದೆ ಹೇಳದ ಮಾತನ್ನು ಹಿಡಿಯುವುದು. ‘ಐ ಆಮ್ ಅಫ್ರೈಡ್ ಹೀ ಈಸ್ ನಾಟ್ ಇನ್’ ಎಂದರೆ ಹೇಳುವವಳಿಗೆ ಹೆದರಿಕೆಯೇನೂ ಇಲ್ಲ, ಸಾಹೇಬರು ಇಲ್ಲವೆಂದು ನಯವಾಗಿ ತಿಳಿಸುತ್ತಿದ್ದಾಳೆ. ‘ವೀ ವಿಲ್ ಲೆಟ್ ಯೂ ನೋ’ ಎಂದರೆ ಬಹಳ ಮಟ್ಟಿಗೆ ಕೆಲಸ ಸಿಗಲಿಲ್ಲವೆಂದೇ. ಪ್ರಶ್ನೆಪತ್ರಿಕೆಯಲ್ಲಿ ‘ಮಾತನಾಡಿದವರ ಧೋರಣೆ ಏನು’ ಎಂದು ಕೇಳಿ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಇದು ನಮ್ಮ ಹೆಣ್ಣುಮಕ್ಕಳಿಗೆ ಕಷ್ಟವೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಇಡುವ ಸದ್ದಿನಿಂದಲೇ ಅಮ್ಮನ ಮನಸ್ಸು ಇವತ್ತು ಹೇಗಿದೆಯೆಂದು ತಿಳಿಯುವ ಮಕ್ಕಳು ಅವರು. ಅಪ್ಪ ‘ನೋಡೋಣ’ ಎಂದರೆ ಆ ಪ್ರವಾಸಕ್ಕೆ ದುಡ್ಡು ಕೊಡುವುದಿಲ್ಲವೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ‘ಊಟ ಮಾಡ್ಕೊಂಡು ಹೋಗಿ’ ಎನ್ನುವುದಕ್ಕೂ, ಚಪ್ಪಲಿ ಮೆಟ್ಟಿದ ಮೇಲೆ ‘ಊಟ ಮಾಡ್ಕೊಂಡೇ ಹೋಗಬಹುದಿತ್ತು’ ಎನ್ನುವುದಕ್ಕೂ ಇರುವ ಅಂತರ ನಮ್ಮ ಆರನೇ ತರಗತಿಯ ಹುಡುಗಿಗೂ ಗೊತ್ತು.

ಹಾಗಾದರೆ ತೊಡಕು ಎಲ್ಲಿ? ಮೂವತ್ತು ವರ್ಷ ತರಗತಿಯಲ್ಲಿ ನಿಂತು ನನಗೆ ಅನ್ನಿಸಿದ್ದು, ತೊಡಕು ಕಿವಿಯಲ್ಲಿಲ್ಲ, ಕತ್ತಿನಲ್ಲಿದೆ. ‘ಅರ್ಥ ಆಯ್ತಾ?’ ಎಂದರೆ ಐವತ್ತು ಕತ್ತು ಒಟ್ಟಿಗೆ ಅಲ್ಲಾಡುತ್ತವೆ. ‘ಆಯ್ತು ಮಿಸ್.’ ಏನು ಅರ್ಥವಾಯಿತೆಂದು ಕೇಳಿದರೆ ಮೌನ. ಇದನ್ನು ಸುಳ್ಳು ಎನ್ನೋಣವೇ, ಮರ್ಯಾದೆ ಎನ್ನೋಣವೇ? ಅರ್ಥವಾಗದಿದ್ದರೂ ಆಯಿತೆಂದು ತಲೆಯಾಡಿಸುವ ಮಗು ಯಾರನ್ನೂ ವಂಚಿಸಲು ಹೊರಟಿಲ್ಲ. ಹೇಳಿದವರಿಗೆ ಬೇಸರವಾಗಬಾರದು, ತನ್ನಿಂದ ಪಾಠ ನಿಲ್ಲಬಾರದು, ಪಕ್ಕದವಳು ನಗಬಾರದು, ಇಷ್ಟೇ ಅದರ ಉದ್ದೇಶ. ಆದರೂ ಫಲದಲ್ಲಿ ಅದು ಸುಳ್ಳೇ. ಏಕೆಂದರೆ ಹೇಳಿದವರು ಅದನ್ನು ನಂಬಿ ಮುಂದಿನ ಹೆಜ್ಜೆ ಇಡುತ್ತಾರೆ.

ನಮ್ಮ ಭಾಷೆಯ ‘ಕೇಳು’ ಎಂಬ ಪುಟ್ಟ ಶಬ್ದವನ್ನು ನೋಡಿ. ಹಾಡು ಕೇಳು ಎಂದರೆ ಆಲಿಸು. ಬೆಲೆ ಕೇಳು ಎಂದರೆ ಪ್ರಶ್ನಿಸು. ಸಾಲ ಕೇಳು ಎಂದರೆ ಬೇಡು. ಹಿರಿಯರ ಮಾತು ಕೇಳು ಎಂದರೆ ಅವರು ಹೇಳಿದಂತೆ ನಡೆ. ಇಂಗ್ಲಿಷಿಗೆ ಬೇರೆ ಬೇರೆ ಶಬ್ದಗಳು ಬೇಕು, ನಮಗೆ ಒಂದೇ ಸಾಕು. ಈ ಶಬ್ದದಲ್ಲಿ ನನಗೊಂದು ದೊಡ್ಡ ತಿಳಿವಳಿಕೆ ಕಾಣುತ್ತದೆ: ಆಲಿಸುವುದೂ ಪ್ರಶ್ನಿಸುವುದೂ ಒಂದೇ ಕೆಲಸದ ಎರಡು ಕೈ. ಆದರೆ ಮನೆಗಳಲ್ಲಿ ನಾವು ಈ ಶಬ್ದವನ್ನು ಹೇಗೆ ಹಂಚಿದ್ದೇವೆ? ಗಂಡುಹುಡುಗನಿಗೆ ‘ಸಂಕೋಚ ಪಡಬೇಡ, ಕೇಳು’ ಎನ್ನುತ್ತೇವೆ. ಹೆಣ್ಣುಹುಡುಗಿಗೆ ‘ಸುಮ್ಮನೆ ಹೇಳಿದ್ದು ಕೇಳು’ ಎನ್ನುತ್ತೇವೆ. ಶಬ್ದ ಒಂದೇ, ಅವರಿಬ್ಬರು ಹೋಗುವ ದಾರಿ ಬೇರೆ.

ತಲೆಯಾಡಿಸುವುದರಿಂದ ಏನು ಮಹಾ ಆಗುತ್ತದೆ ಎನ್ನುವವರಿಗೆ ನಾನು ಚರ್ಖಿ ದಾದ್ರಿಯ ನೆನಪು ಮಾಡುತ್ತೇನೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿ ವಿಮಾನ 14,000 ಅಡಿ ಎತ್ತರದಲ್ಲಿ ಹೋಗಬೇಕಿತ್ತು. ದೆಹಲಿಗೆ ಇಳಿಯಲು ಬರುತ್ತಿದ್ದ ಕಜಾಕಿಸ್ತಾನದ ವಿಮಾನಕ್ಕೆ 15,000 ಅಡಿಗಿಂತ ಕೆಳಗೆ ಬರಬಾರದೆಂಬ ಸೂಚನೆ. ಅದು ಕೆಳಗೆ ಬಂತು. ಹರಿಯಾಣದ ಆಕಾಶದಲ್ಲಿ ಎರಡೂ ಡಿಕ್ಕಿಯಾಗಿ 349 ಜನ ಸತ್ತರು. ನ್ಯಾಯಮೂರ್ತಿ ಲಾಹೋಟಿಯವರ ಆಯೋಗ ತನಿಖೆ ನಡೆಸಿತು. ಗೊತ್ತುಮಾಡಿದ ಎತ್ತರ ಬಿಟ್ಟು ಇಳಿದದ್ದೇ ಮೂಲಕಾರಣವೆಂದಿತು. ಅದಕ್ಕೆ ಒತ್ತಾಸೆಯಾದ ಕಾರಣಗಳಲ್ಲಿ ಕಜಾಕ್ ಸಿಬ್ಬಂದಿಗೆ ಇಂಗ್ಲಿಷ್ ಸಾಲದೆ ಸೂಚನೆಯನ್ನು ತಪ್ಪಾಗಿ ತಿಳಿದದ್ದೂ ಒಂದೆಂದು ಹೇಳಿತು. ಬರುವ ವಿಮಾನಕ್ಕೂ ಹೋಗುವ ವಿಮಾನಕ್ಕೂ ಆಗ ದೆಹಲಿಯಲ್ಲಿ ಒಂದೇ ದಾರಿ ಇದ್ದದ್ದನ್ನೂ ಮರೆಯಬಾರದು. ಭಾಷೆಯೊಂದನ್ನೇ ದೂರಿದರೆ ನ್ಯಾಯವಾಗುವುದಿಲ್ಲ.

ವಿಮಾನದವರಲ್ಲಿ ಒಂದು ಪದ್ಧತಿಯಿದೆ. ನಿಯಂತ್ರಣ ಕೊಠಡಿಯಿಂದ ಬಂದ ಮುಖ್ಯ ಸೂಚನೆಯನ್ನು ಚಾಲಕ ತಿರುಗಿ ಒಪ್ಪಿಸಬೇಕು. ಬರೀ ‘ಸರಿ’ ಎಂದರೆ ಸಾಲದು. ಫೋನಿನಲ್ಲಿ ಔಷಧಿಯ ಪ್ರಮಾಣ ಹೇಳಿದಾಗ ನರ್ಸ್ ಅದನ್ನು ಬರೆದುಕೊಂಡು ಡಾಕ್ಟರಿಗೆ ಓದಿ ಹೇಳುವ ಪದ್ಧತಿಯೂ ಇದೇ ಬಗೆಯದು. ಇನ್ನೂ ಒಂದು ವಿಷಯ ನನಗೆ ಬಹಳ ಹಿಡಿಸಿತು. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ನಿಯಮದಂತೆ 2008ರಿಂದ ಹೊರದೇಶಗಳಿಗೆ ಹಾರುವ ಚಾಲಕರಿಗೆ ಇಂಗ್ಲಿಷ್ ಪರೀಕ್ಷೆ ಕಡ್ಡಾಯ. ಅದರಲ್ಲಿ ಉತ್ತೀರ್ಣರಾಗಲು ಬೇಕಾದ ಗುಣಗಳ ಪಟ್ಟಿಯಲ್ಲಿ, ತಪ್ಪು ತಿಳಿವಳಿಕೆ ಆಗುತ್ತಿದೆಯೆಂದು ಕಂಡಾಗ ಕೇಳಿ ಖಚಿತಪಡಿಸಿಕೊಳ್ಳುವುದೂ ಒಂದು. ಅಂದರೆ ‘ಇನ್ನೊಮ್ಮೆ ಹೇಳಿ’ ಎನ್ನುವುದು ಅಲ್ಲಿ ಕೊರತೆಯಲ್ಲ, ಅದಕ್ಕೇ ಅಂಕ.

ಮತ್ತೊಂದು ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಜಾನ್ ಗಂಪರ್ಜ್ ಎಂಬ ಭಾಷಾ ವಿದ್ವಾಂಸರು 1982ರ ತಮ್ಮ ಪುಸ್ತಕದಲ್ಲಿ ಬರೆದದ್ದು. ಮಹಾರಾಷ್ಟ್ರದ ಗಡಿಯ ಹಳ್ಳಿಯೊಂದರಲ್ಲಿ ಕನ್ನಡ, ಮರಾಠಿ, ಉರ್ದು ಒಂದರೊಳಗೊಂದು ಬೆರೆತ ಬಗೆಯನ್ನು ಅಧ್ಯಯನ ಮಾಡಿದವರೂ ಅವರೇ. ಬ್ರಿಟನ್ನಿನ ಒಂದು ವಿಮಾನ ನಿಲ್ದಾಣದ ಸಿಬ್ಬಂದಿ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನಗಳ ಹೆಂಗಸರು ಬಡಿಸುವ ಕೆಲಸಕ್ಕೆ ಸೇರಿದ್ದರು. ಇವರು ಒರಟರು, ಸಿಡುಕಿಯರು ಎಂದು ದೂರು. ಅವರು ಆಡುತ್ತಿದ್ದದ್ದು ಹೆಚ್ಚೆಂದರೆ ಒಂದು ಶಬ್ದ, ‘ಗ್ರೇವಿ’. ಇಂಗ್ಲಿಷ್ ಹೆಂಗಸು ಅದನ್ನು ದನಿ ಏರಿಸಿ ಹೇಳುತ್ತಿದ್ದಳು, ‘ಗ್ರೇವಿ ಬೇಕೇ’ ಎಂದು ಕೇಳಿದಂತಾಗುತ್ತಿತ್ತು. ನಮ್ಮವರು ದನಿ ಇಳಿಸಿ ಹೇಳುತ್ತಿದ್ದರು, ‘ಇದು ಗ್ರೇವಿ, ಬೇಕಾದರೆ ತಗೋ’ ಎಂದು ಕುಕ್ಕಿದಂತೆ ಅವರಿಗೆ ಕೇಳಿಸುತ್ತಿತ್ತು. ಕನ್ನಡದಲ್ಲಾದರೆ ‘ಸಾರು ಬೇಕಾ’ ಎನ್ನುವಾಗ ಪ್ರಶ್ನೆ ಶಬ್ದದ ಬಾಲದಲ್ಲೇ ಇರುತ್ತದೆ, ದನಿಯನ್ನೇ ನಂಬಬೇಕಾಗಿಲ್ಲ. ಮಾತನ್ನು ಧ್ವನಿಮುದ್ರಿಸಿ ಎರಡೂ ಕಡೆಯವರಿಗೆ ಕೇಳಿಸಿದ ಮೇಲೆ ಆ ಮನಸ್ತಾಪ ಕಡಿಮೆಯಾಯಿತಂತೆ.

ಆ ಹೆಂಗಸರನ್ನು ನಾನು ಆಗಾಗ ನೆನೆಯುತ್ತೇನೆ. ದಿನವಿಡೀ ನಿಂತು ಬಡಿಸಿ, ‘ನಿನ್ನ ಮಾತು ಒರಟು’ ಎಂದು ಅನ್ನಿಸಿಕೊಂಡು, ಯಾಕೆಂದು ತಿಳಿಯದೆ ಮನೆಗೆ ಹೋಗುತ್ತಿದ್ದವರು. ಆಲಿಸುವ ಹೊಣೆಯೆಲ್ಲ ಕೆಳಗಿನವರದ್ದು, ಮೇಲಿನವರು ಹೇಗೆ ಹೇಳಿದರೂ ನಡೆಯುತ್ತದೆ ಎಂಬ ಲೆಕ್ಕ ಎಲ್ಲ ಕಡೆಯೂ ಇದೆ. ಅಧಿಕಾರಿ ಗೊಣಗುತ್ತಾನೆ, ಗುಮಾಸ್ತೆ ಕಿವಿ ಚುರುಕಾಗಿಸಬೇಕು. ಡಾಕ್ಟರು ಮುಖ ನೋಡದೆ ಎರಡು ಶಬ್ದ ಆಡುತ್ತಾರೆ, ರೋಗಿ ಅರ್ಥ ಮಾಡಿಕೊಂಡು ಬರಬೇಕು. ಹೊರಬಂದು ಕಾಂಪೌಂಡರನ್ನು ಕೇಳುತ್ತೇವೆಯೇ ಹೊರತು ಒಳಗೆ ಬಾಯಿ ಬರುವುದಿಲ್ಲ.

ಇದನ್ನೆಲ್ಲ ಯೋಚಿಸಿ ನಾನು ನಮ್ಮ ಆಲಿಸುವ ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳ ಜೊತೆಗೆ ಐದನೆಯದೊಂದನ್ನು ಸೇರಿಸಿದೆ: ‘ಇದು ನನಗೆ ಸ್ಪಷ್ಟವಾಗಲಿಲ್ಲ, ಹೀಗೆ ಕೇಳುತ್ತೇನೆ.’ ಅದನ್ನು ಆರಿಸಿದವರು ಕೇಳಬೇಕಾದ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಪ್ರಶ್ನೆ ಸರಿಯಿದ್ದರೆ ಅರ್ಧ ಅಂಕ. ನಮ್ಮ ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ನಕ್ಕರು. ‘ಮೇಡಂ, ಇದು ಸೋಮಾರಿಗಳಿಗೆ ಸಂಬಳ ಕೊಟ್ಟ ಹಾಗೆ. ನಾಳೆ ನನ್ನ ಲೆಕ್ಕಕ್ಕೂ ಅರ್ಥ ಆಗಲಿಲ್ಲ ಅಂತ ಬರೆದು ಅರ್ಧ ಅಂಕ ಕೇಳ್ತಾರೆ.’ ಅವರ ಮಾತಿನಲ್ಲಿ ಹುರುಳಿರಲಿಲ್ಲವೆಂದಲ್ಲ. ಮೊದಲ ಸಲವೇ ಒಬ್ಬ ಹುಡುಗ ಹತ್ತಕ್ಕೆ ಹತ್ತೂ ಕಡೆ ‘ಪಾರ್ಡನ್’ ಎಂದು ಬರೆದು ಕೈಕಟ್ಟಿ ಕೂತಿದ್ದ. ಅವನಿಗೆ ಸೊನ್ನೆ ಬಂತು. ಬರೀ ‘ಪಾರ್ಡನ್’ ಪ್ರಶ್ನೆಯಲ್ಲ. ‘ರೈಲು ಹೊರಡುವುದು ಎಂಟೂ ಹದಿನೈದಕ್ಕೋ, ಎಂಟೂ ಐವತ್ತಕ್ಕೋ’ ಎಂದು ಕೇಳಬೇಕಾದರೆ, ಮಾತು ರೈಲಿನದು, ಹೊತ್ತಿನದು, ಗಂಟೆ ಎಂಟು ಎಂಬಷ್ಟನ್ನಾದರೂ ಹಿಡಿದಿರಬೇಕು. ತನಗೆ ತಿಳಿಯದ್ದು ಎಲ್ಲಿಂದ ಶುರುವಾಗುತ್ತದೆಂದು ಬೆರಳಿಟ್ಟು ತೋರಿಸುವುದು ಉತ್ತರ ಬರೆಯುವುದಕ್ಕಿಂತ ಎಷ್ಟೋ ಸಲ ಕಷ್ಟ. ತರಗತಿಯಲ್ಲಿ ತೀರ ಚೆನ್ನಾಗಿ ಓದುವವರೇ ಆ ಐದನೆಯ ಸಾಲನ್ನು ಹೆಚ್ಚು ಬಳಸಿದರು. ಮೇಷ್ಟ್ರಿಗೆ ಈಗಲೂ ಒಪ್ಪಿಗೆಯಿಲ್ಲ, ಇರಲಿ.

ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆ ಬೇರೆ. ನಮ್ಮ ಹುಡುಗಿಯರಲ್ಲಿ ಕೆಲವರು ಮುಂದೆ ನರ್ಸಿಂಗ್ ಓದಿ ಹೊರದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಪರೀಕ್ಷೆ ಬರೆಯುತ್ತಾರೆ. ಅದರ ಆಲಿಸುವ ಭಾಗದಲ್ಲಿ 40 ಪ್ರಶ್ನೆ, ಸುಮಾರು 30 ನಿಮಿಷದ ಧ್ವನಿಮುದ್ರಣ, ಕೇಳಿಸುವುದು ಒಂದೇ ಸಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ತಯಾರಿ ಮಾಡಿಸುವ ಯಾರೇ ಆಗಲಿ ಹೇಳುವ ಬುದ್ಧಿವಾದ ಒಂದೇ: ಕೇಳಿಸದಿದ್ದರೂ ಖಾಲಿ ಬಿಡಬೇಡಿ, ಅಂದಾಜಿಗೆ ಏನಾದರೂ ಬರೆಯಿರಿ. ನಾನೂ ಹಾಗೆಯೇ ಹೇಳಿಕೊಡುತ್ತೇನೆ. ಹೇಳದಿದ್ದರೆ ಆ ಮಗುವಿಗೆ ನಷ್ಟ. ಆದರೆ ಈ ಪರೀಕ್ಷೆ ಪಾಸಾಗಿ ಅವಳು ಹೋಗಿ ನಿಲ್ಲುವುದು ಯಾರದೋ ಮಂಚದ ಪಕ್ಕದಲ್ಲಿ. ಅಲ್ಲಿ ಅಂದಾಜು ಮಾಡುವಂತಿಲ್ಲ, ಹತ್ತು ಸಲವಾದರೂ ಕೇಳಬೇಕು. ಒಳಗೆ ಹೋಗಲು ಒಂದು ಗುಣ, ಹೋದ ಮೇಲೆ ಅದಕ್ಕೆ ನೇರ ವಿರುದ್ಧವಾದ ಗುಣ. ಎರಡನ್ನೂ ನಾನೇ ಕಲಿಸಬೇಕು. ಹಾಗಾಗಿ ವಾರ ಬಿಟ್ಟು ವಾರ ಮಾಡಿಕೊಂಡಿದ್ದೇನೆ. ಒಂದು ವಾರ ಒಂದೇ ಸಲ, ಕೈ ಎತ್ತುವಂತಿಲ್ಲ. ಇನ್ನೊಂದು ವಾರ ಯಾರು ಕೈ ಎತ್ತಿದರೂ ನಿಲ್ಲಿಸುತ್ತೇನೆ. ‘ಮಿಸ್, ಇವತ್ತು ಸತ್ಯದ ವಾರವಾ, ಮಾರ್ಕ್ಸಿನ ವಾರವಾ?’ ಎಂದು ಒಬ್ಬಳು ಕೇಳಿದಳು. ಇಡೀ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ.

ಕಳೆದ ವರ್ಷ ನಮ್ಮ ಬೀದಿಯಲ್ಲೇ ಇರುವ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ನೋಡಲು ಬೆಂಗಳೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಅವಳ ತಾಯಿ ಕರೆದರೆಂದು ನಾನೂ ಹೋಗಿದ್ದೆ. ಹುಡುಗಿ ಕೆಲಸಕ್ಕೆ ಹೋಗುವ ಮಾತು ಬಂದಾಗ ಹುಡುಗ ಇಂಗ್ಲಿಷಿನಲ್ಲಿ ‘ಐ ಡೋಂಟ್ ಮೈಂಡ್’ ಎಂದ. ಹುಡುಗಿಯ ಸೋದರಮಾವನ ಮುಖ ಬಾಡಿತು. ‘ಮೈಂಡ್’ ಎಂದರೆ ಮನಸ್ಸಲ್ಲವೇ, ಮನಸ್ಸಿಲ್ಲ ಎಂದನೆಂದು ಅವರು ತಿಳಿದರು. ಅಭ್ಯಂತರವಿಲ್ಲ ಎಂಬುದು ಅದರ ಅರ್ಥವೆಂದು ಹುಡುಗಿಗೆ ಗೊತ್ತಿತ್ತು. ಆದರೂ ಅವಳು ತಲೆಯಾಡಿಸಿ ಸುಮ್ಮನಾಗಲಿಲ್ಲ. ಹೋಳಿಗೆಯ ತಟ್ಟೆ ಕೆಳಗಿಟ್ಟು ಅವನದೇ ಇಂಗ್ಲಿಷಿನಲ್ಲಿ ಕೇಳಿದಳು: ನಾನು ಕೆಲಸಕ್ಕೆ ಹೋದರೆ ನಿಮಗೆ ಇಷ್ಟವೇ, ಅಥವಾ ಸಹಿಸಿಕೊಳ್ಳುತ್ತೀರಾ? ಅವನ ತಾಯಿ ಫ್ಯಾನು ನೋಡತೊಡಗಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡದಲ್ಲೇ, ‘ನಿಜ ಹೇಳಬೇಕು ಅಂದರೆ ಆ ತರಹ ಯೋಚನೆ ಮಾಡಿಲ್ಲ. ಮಾಡಿ ಹೇಳ್ತೀನಿ’ ಎಂದ.

ಅವರು ಹೋದ ಮೇಲೆ ಹುಡುಗಿಯ ತಾಯಿ ನನ್ನ ಕಡೆ ತಿರುಗಿ, ‘ಇದೆಲ್ಲ ನೀವು ಕಲಿಸಿದ್ದೇನು ಮೇಡಂ?’ ಎಂದರು. ಅದು ಹೊಗಳಿಕೆಯಾಗಿರಲಿಲ್ಲ. ‘ಇಂಗ್ಲಿಷಷ್ಟೇ ನಾನು ಕಲಿಸಿದ್ದು’ ಎಂದೆ. ಆ ಸಂಬಂಧದ ಮಾತುಕತೆ ಇನ್ನೂ ನಡೆಯುತ್ತಿದೆ. ಹುಡುಗ ವಾರಕ್ಕೊಮ್ಮೆ ಫೋನ್ ಮಾಡುತ್ತಾನಂತೆ, ಬಹಳ ಹೊತ್ತು ಮಾತನಾಡುತ್ತಾರಂತೆ.