ತೂರುವ ಮೊದಲು ಒಕ್ಕಬೇಕು

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಈಗ ನಾವು ಬಳಸುವುದು ಹೆಚ್ಚಾಗಿ ಸಮಯಸಾಧಕರನ್ನು ಕುಟುಕಲು. ಕಣ ಮಾಡಿದವರು ಆ ಮಾತನ್ನು ಹೀಗೆ ಹಗುರವಾಗಿ ಆಡಿರಲಾರರು. ರಾಗಿ ಕೊಯ್ದು, ಮೆದೆ ಹಾಕಿ, ಕಣದಲ್ಲಿ ಹರಡಿ, ರೋಣಗಲ್ಲು ಉರುಳಿಸಿ, ಹುಲ್ಲು ಬೇರೆ ಮಾಡಿದ ಮೇಲಷ್ಟೇ ತೂರುವ ಮಾತು. ಗಾಳಿ ಊರಿಗೆಲ್ಲ ಒಂದೇ. ತೆನೆ ಇನ್ನೂ ಮೆದೆಯಲ್ಲೇ ಇರುವವನಿಗೆ ಅದರಿಂದ ಸಿಗುವುದು ಕಣ್ಣಿಗೆ ಧೂಳು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐಐಟಿಗಳು ಸರದಿಯ ಮೇಲೆ ನಡೆಸುವ ಗೇಟ್ ಪರೀಕ್ಷೆಯೂ ಇಂಥ ಗಾಳಿಯೇ. ವರ್ಷಕ್ಕೊಮ್ಮೆ ಬೀಸುತ್ತದೆ, 3 ಗಂಟೆ ಇರುತ್ತದೆ. 65 ಪ್ರಶ್ನೆ, 100 ಅಂಕ. ಎಂ.ಟೆಕ್. ಕನಸಿನ ನಮ್ಮ ಮಕ್ಕಳು ಇದಕ್ಕಾಗಿ ಕೋಚಿಂಗ್ ನೋಟ್ಸ್, ವಿಡಿಯೊ, ದಪ್ಪ ಪುಸ್ತಕಗಳನ್ನು ಕೂಡಿಹಾಕುತ್ತಾರೆ. ಅದು ಮೆದೆ ಒಟ್ಟುವ ಕೆಲಸ. ಮೆದೆ ಎತ್ತರವಾದಷ್ಟೂ ಮನಸ್ಸಿಗೆ ಧೈರ್ಯ, ಕಾಳು ಮಾತ್ರ ಒಂದೂ ಉದುರಿರುವುದಿಲ್ಲ.

ಒಕ್ಕಣೆ ಎಂದರೆ ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಎದುರಿಗಿಟ್ಟು ಬಿಡಿಸುವುದು. ಪರೀಕ್ಷೆಗೆ ಸ್ವಂತ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಪರದೆಯ ಮೇಲಿನದನ್ನೇ ಮೌಸ್ ಹಿಡಿದು ಒತ್ತಬೇಕು. ಆ ಅಭ್ಯಾಸವೂ ಮನೆಯಲ್ಲೇ ಆಗಬೇಕು. ಆಮೇಲೆ ಒಂದೊಂದು ತಪ್ಪನ್ನೂ ಕೇಳಬೇಕು: ಗೊತ್ತಿರಲಿಲ್ಲವೇ, ಗೊತ್ತಿದ್ದೂ ಎಡವಿದೆನೇ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲವೇ? ಮೂರಕ್ಕೂ ಮದ್ದು ಬೇರೆ ಬೇರೆ. ಯಾವ ವಿಷಯದವರಿಗೂ ತಪ್ಪದ ಸಾಮಾನ್ಯ ಸಾಮರ್ಥ್ಯದ 15 ಅಂಕಗಳನ್ನು ‘ಅದೇನು ಮಹಾ’ ಎಂದು ಬಿಡುವವರು ಕಣದ ಅಂಚಿನ ಕಾಳನ್ನು ಗುಬ್ಬಿಗೆ ಬಿಟ್ಟಂತೆ.

ಇನ್ನು ತೂರುವ ಜಾಣತನ. ಮೊರ ಎತ್ತಿದಾಗ ಗಟ್ಟಿಕಾಳು ಕಾಲಬುಡದಲ್ಲೇ ಬೀಳುತ್ತದೆ, ಜೊಳ್ಳು ದೂರ ಹಾರುತ್ತದೆ. ಮೊದಲ ಸುತ್ತಿನಲ್ಲಿ ಗೊತ್ತಿರುವುದನ್ನು ಬಾಚಿಕೊಳ್ಳಬೇಕು, ಕಾಡುವುದನ್ನು ಹಾರಲು ಬಿಡಬೇಕು. ನಾಲ್ಕರಲ್ಲಿ ಒಂದು ಆರಿಸುವ 1 ಅಂಕದ ಪ್ರಶ್ನೆ ತಪ್ಪಾದರೆ ಮೂರನೇ ಒಂದು ಅಂಕ ಕಳೆಯುತ್ತಾರೆ. ಅಂಥ ನಾಲ್ಕು ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು: ಬಂದದ್ದು 1, ಹೋದದ್ದು 1. ಆದರೆ ಒಂದು ಉತ್ತರವಾದರೂ ಖಂಡಿತ ತಪ್ಪೆಂದು ಗೊತ್ತಿದ್ದರೆ, ಉಳಿದ ಮೂರರಲ್ಲಿ ಊಹಿಸುವುದು ಲಾಭದ ಕಡೆಗೇ ವಾಲುತ್ತದೆ. ಜೊಳ್ಳನ್ನು ಗುರುತಿಸುವುದೂ ವಿದ್ಯೆಯೇ. ಸಂಖ್ಯೆ ಬರೆಯುವ ಪ್ರಶ್ನೆಗೆ ಕಳೆಯುವ ಲೆಕ್ಕವೇ ಇಲ್ಲ. ಅದನ್ನು ಖಾಲಿ ಬಿಡುವುದು ದಡ್ಡತನ.

ಹೀಗೆ ನೋಡಿದರೆ ಗಾದೆಯ ಭಾರವೆಲ್ಲ ‘ಗಾಳಿ’ಯ ಮೇಲಿಲ್ಲ, ಅದು ಹೇಳದೆ ಬಿಟ್ಟ ಒಕ್ಕಣೆಯ ಮೇಲಿದೆ. ಒಮ್ಮೆ ರಾಶಿ ಮಾಡಿದರೆ ಗೇಟ್ ಅಂಕ 3 ವರ್ಷ ನಡೆಯುತ್ತದೆ. ಆದ್ದರಿಂದ ಇನ್ನೊಂದು ಪುಸ್ತಕ ಕೊಳ್ಳುವ ಮೊದಲು, ಇವತ್ತೇ ಒಂದು ಹಳೆಯ ಪತ್ರಿಕೆ ತೆಗೆದು 3 ಗಂಟೆ ಕೂತುಬಿಡಿ.